ಪಾಠಕ್ಕೆ ಬರಲಾಗದವಳ ಅಂಕ

ಬಿ.ಇಡಿ. ಕಾಲೇಜಿನಲ್ಲಿ ನಮಗೆ ಗಣಿತ ಬೋಧನೆ ಕಲಿಸುತ್ತಿದ್ದ ಸರ್ ಒಂದು ದಿನ ತರಗತಿಗೆ ಬಂದವರೇ ಬೋರ್ಡಿನ ಮೇಲೆ ದೊಡ್ಡದಾಗಿ ನೂರು ಎಂದು ಬರೆದರು. ಅದರ ಕೆಳಗೆ ಮೂರು ಖಾಲಿ ಗೆರೆ ಎಳೆದು ನಮ್ಮ ಕಡೆ ತಿರುಗಿದರು.

"ಮೂರ ಮೂರ ಮಂದೀದು ಒಂದೊಂದು ಕಲಿಕಾ ಬಳಗ ಮಾಡೇನಿ. ಕೂಡಿ ಓದ್ರಿ, ಕೂಡಿ ಒಂದು ಪಾಠ ತಯಾರ ಮಾಡ್ರಿ, ಸಾಲಿಗೆ ಹೋಗಿ ಕಲಸ್ರಿ. ಪಾಠಕ್ಕ ನಾ ಅಂಕ ಹಾಕತೀನಿ. ಕೂಡಿ ಕೆಲಸ ಮಾಡಿದ್ದಕ್ಕ ನೀವ ಹಾಕ್ಕೋಬೇಕು. ನೂರು ಅಂಕ, ಮೂರು ಮಂದಿ, ಹಂಚ್ಕೊಳ್ರಿ. ಒಂದ ಶರತ್ತು. ಯಾರದೂ ಸಮ ಇರಬಾರದು."

ಹಿಂದಿನ ಬೆಂಚಿನಿಂದ ಯಾರೋ "ಯಾಕ್ರಿ ಸರ್?" ಎಂದರು.

"ಯಾಕಂದ್ರ ಎಲ್ಲಾರೂ ಮೂವತ್ಮೂರು ಮೂವತ್ಮೂರು ಬರದು ಕೊಡ್ತೀರಿ. ಹೋದ ವರ್ಷ ಹಂಗ ಆತು. ಒಬ್ಬರು ದುಡಿಯೂದು, ಇಬ್ಬರು ಚಾ ಕುಡಿಯೂದು, ಅಂಕ ಮಾತ್ರ ಸಮ. ಅದು ಸಹಕಾರ ಏನ್ರಿ?"

ಬಳಗಗಳನ್ನು ಅವರೇ ಮಾಡಿದ್ದರು. ಗೆಳತಿಯರು ಗೆಳತಿಯರ ಜೊತೆ ಕೂಡಬಾರದು ಎಂಬುದೊಂದೇ ಅವರ ಲೆಕ್ಕ. ಹಾಗಾಗಿ ನನ್ನ ಬಳಗಕ್ಕೆ ಬಂದ ಇಬ್ಬರ ಜೊತೆ ನಾನು ಅಲ್ಲಿಯವರೆಗೆ ಊಟದ ಡಬ್ಬಿ ಹಂಚಿಕೊಂಡವಳೂ ಅಲ್ಲ.

ಒಬ್ಬರು ಮೂಡಲಗಿಯಿಂದ ಬರುತ್ತಿದ್ದವರು, ನಮ್ಮಲ್ಲಿ ಹಿರಿಯರು. ಕಬ್ಬಿನ ತೋಟದಲ್ಲೇ ಮನೆ ಕಟ್ಟಿಕೊಂಡ ಒಕ್ಕಲುತನದ ಕುಟುಂಬದ ಸೊಸೆ. ಕೆಲವು ವರ್ಷ ಖಾಸಗಿ ಶಾಲೆಯಲ್ಲಿ ಕಲಿಸಿ, ಡಿಗ್ರಿಯೊಂದೇ ಸಾಲದು ಎಂದು ಗೊತ್ತಾದ ಮೇಲೆ ಬಿ.ಇಡಿ.ಗೆ ಬಂದಿದ್ದರು. ಅವರನ್ನು ಮೂಡಲಗಿ ಅಕ್ಕಾರು ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬಳು ಹುಕ್ಕೇರಿಯವಳು, ಎಲ್ಲರಿಗಿಂತ ಚಿಕ್ಕವಳು, ಇನ್ನೂ ಮದುವೆಯಾಗಿರಲಿಲ್ಲ. ಮೂಲ ಊರು ದಡ್ಡಿ. ತಂದೆ ತೀರಿದ ಮೇಲೆ ತಾಯಿಯ ಜೊತೆ ಹುಕ್ಕೇರಿಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ಮಾತು ಕಡಿಮೆ. ಅವಳನ್ನು ನಾವಿಬ್ಬರೂ ತಂಗಿ ಎನ್ನುತ್ತಿದ್ದೆವು.

ಮೂರನೆಯವಳು ನಾನು, ಅವರಿಬ್ಬರ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ. ನಮ್ಮ ಮನೆ ಗೋಕಾಕದ ಪೇಟೆಯ ಹಿಂದಿನ ಓಣಿಯಲ್ಲಿ. ಯಜಮಾನರದು ಹೊಲಿಗೆ ಅಂಗಡಿ. ಮಗಳನ್ನು ಶಾಲೆಗೆ ಹಾಕಿದ ವರ್ಷವೇ ನನ್ನ ಅತ್ತೆ "ಈಗ ನೀನೂ ಸಾಲಿಗೆ ಹೋಗು" ಎಂದು ನನ್ನನ್ನು ಕಾಲೇಜಿಗೆ ಕಳಿಸಿದ್ದರು. ಹತ್ತನೆಯ ತರಗತಿಯವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದವಳು. ಕನ್ನಡ ಮಾತಾಡಲು ಕೊರತೆಯೇನಿರಲಿಲ್ಲ. ಓಣಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ತಾನೆ. ಬರೆಯಲು ಕೂತರೆ ಮಾತ್ರ ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಕೈ ತಡೆಯುತ್ತಿತ್ತು. ಗಣಿತದಲ್ಲಿ ಆ ತೊಂದರೆ ಇರಲಿಲ್ಲ. ಅಂಕಿಗಳಿಗೆ ದೀರ್ಘ ಇಲ್ಲವಲ್ಲ!

ನಾವು ಭಾನುವಾರಗಳಂದು ಕೂಡುವುದು ಎಂದಾಯಿತು. ಒಂದು ವಾರ ಗೋಕಾಕ, ಒಂದು ವಾರ ಮೂಡಲಗಿ, ಒಂದು ವಾರ ಹುಕ್ಕೇರಿ. ಏಳನೆಯ ತರಗತಿಗೆ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠ ನಮ್ಮ ಪಾಲಿಗೆ ಬಂದಿತ್ತು. ಮಕ್ಕಳು ಇವೆರಡನ್ನೂ ಕಲಸಿಬಿಡುತ್ತಾರೆ. ಸುತ್ತಳತೆ ಒಂದೇ ಇದ್ದರೆ ಒಳಗಿನ ಜಾಗವೂ ಒಂದೇ ಎಂದುಕೊಳ್ಳುತ್ತಾರೆ. ಅದನ್ನು ಬಿಡಿಸುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ನನಗೆ ಫರ್ಸಿ ಕಲ್ಲು ಹೊಳೆಯಿತು. ನಾವು ಪಾಠ ಮಾಡಬೇಕಿದ್ದ ಅಂಕಲಗಿಯ ಶಾಲೆಯ ಪಡಸಾಲೆಗೆ ಚೌಕಾಕಾರದ ಫರ್ಸಿ ಹಾಸಿದ್ದರು. ಒಂದು ಹಗ್ಗದ ತುದಿ ಕಟ್ಟಿ ಬಳೆ ಮಾಡಿ, ಕಲ್ಲುಗಳ ಸಂದಿಗುಂಟ ಅದನ್ನು ಹಾಸಬೇಕು. ಒಮ್ಮೆ ನಾಲ್ಕು ಕಲ್ಲು ಉದ್ದ, ನಾಲ್ಕು ಕಲ್ಲು ಅಗಲ. ಇನ್ನೊಮ್ಮೆ ಅದೇ ಹಗ್ಗ ಏಳು ಕಲ್ಲು ಉದ್ದ, ಒಂದೇ ಕಲ್ಲು ಅಗಲ. ಒಳಗಿನ ಕಲ್ಲು ಎಣಿಸಿದರೆ ಮೊದಲು ಹದಿನಾರು, ಆಮೇಲೆ ಏಳೇ. ಹಗ್ಗ ಬೆಳೆದಿಲ್ಲ, ಕುಗ್ಗಿಲ್ಲ. ಮತ್ತೆ ಕಲ್ಲು ಎಲ್ಲಿ ಹೋದವು?

"ಭಾಳ ಚಲೋ ಐತ್ರಿ ವೈನಿ" ಎಂದರು ಅಕ್ಕಾರು. ಅಂದವರೇ ಹಾಳೆ ತೆಗೆದು ಪಾಠದ ಯೋಜನೆ ಬರೆಯಲು ಕೂತರು. ಅವರ ಅಕ್ಷರ ಅಚ್ಚು ಹೊಡೆದಂತೆ. ನಾನು ಬರೆದದ್ದನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ತಿದ್ದುವುದು ನ್ಯಾಯವಾಗಿಯೇ ಇರುತ್ತಿತ್ತು, ಆದರೂ ಆ ಕೆಂಪು ನನಗೆ ಚುಚ್ಚುತ್ತಿತ್ತು. ಪಾಠವನ್ನು ಮೂರು ಭಾಗ ಮಾಡಿದೆವು. ಹಗ್ಗದ ಆಟ ನನ್ನದು. ಬೋರ್ಡಿನ ಮೇಲೆ ಸೂತ್ರ ಬರೆದು ವಿವರಿಸುವುದು ಅಕ್ಕಾರದು. ಕೊನೆಗೆ ಮಕ್ಕಳನ್ನು ಪ್ರಶ್ನೆ ಕೇಳಿ, ತಿಳಿಯದವರಿಗೆ ಮತ್ತೆ ತಿಳಿಸುವುದು ತಂಗಿಯದು.

ಇಷ್ಟಕ್ಕೆ ಅಕ್ಕಾರು ಬಿಡಲಿಲ್ಲ. ಮೂವರೂ ಮೂರೂ ಭಾಗ ಕಲಿಯಬೇಕು ಎಂದು ಹಟ ಹಿಡಿದರು. ಮೂಡಲಗಿಯ ತೋಟದ ಮನೆಯ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ ತಮ್ಮ ಭಾಗವನ್ನು ನನ್ನಿಂದ ಹೇಳಿಸಿದರು.

"ಇದು ನಿಮ್ಮ ಭಾಗಲ್ರಿ ಅಕ್ಕಾರ, ನಾ ಯಾಕ ಕಲೀಬೇಕು?" ಎಂದೆ ನಾನು. ಮನೆಯಲ್ಲಿ ಮಗಳ ಪರೀಕ್ಷೆ, ಅಂಗಡಿಯಲ್ಲಿ ಮದುವೆ ಹಂಗಾಮಿನ ಹೊಲಿಗೆ. ನನಗೆ ಸಾಕಾಗಿತ್ತು.

"ಒಬ್ಬಾಕಿಗೆ ಜ್ವರ ಬಂದ್ರ? ಪಾಠಾನೂ ಮಲಗಬೇಕೇನ್ರಿ? ಹೊಳ್ಳಿ ಹೇಳ್ರಿ."

ಮತ್ತೆ ಹೇಳಿದೆ. ತಂಗಿ ಸುಮ್ಮನೆ ಕೂತು ಕೇಳುತ್ತಿದ್ದಳು. ನಡುವೆ ಒಮ್ಮೆ, "ಅಕ್ಕಾರ, 'ಆವೃತ ಪ್ರದೇಶ' ಅಂದ್ರ ಹುಡುಗೂರಿಗೆ ತಿಳೀತೈತಿ ಅಂತೀರಿ?" ಎಂದಳು. ಅಕ್ಕಾರು ಆ ಶಬ್ದ ಹೊಡೆದು 'ಒಳಗಿನ ಜಾಗ' ಎಂದು ಬರೆದರು.

ಜಗಳ ಆದದ್ದು ನಮ್ಮ ಮನೆಯಲ್ಲಿ. ಪಾಠಕ್ಕೆ ಇನ್ನು ಒಂದೇ ವಾರವಿತ್ತು. ಅಂಕ ಹಂಚಿಕೆಯ ಹಾಳೆಯನ್ನು ತುಂಬಿ ಇಟ್ಟುಬಿಡೋಣ ಎಂದು ನಾನೇ ಮಾತೆತ್ತಿದೆ. "ಒಬ್ಬರಿಗೆ ಎರಡ ಅಂಕ ಹೆಚ್ಚ ಹಾಕೂನು, ಒಬ್ಬರಿಗೆ ಒಂದ ಕಡಿಮಿ. ಉಳದದ್ದು ಸಮ. ಚೀಟಿ ಎತ್ತೂನು" ಎಂದೆ.

ಅಕ್ಕಾರು ಚಹದ ಕಪ್ಪು ಕೆಳಗಿಟ್ಟರು. "ಸಮ ಅಂದ್ರ ನ್ಯಾಯ ಅಂತ ಯಾರು ಹೇಳ್ಯಾರ್ರಿ ವೈನಿ? ಯೋಜನೆ ಬರದಾಕಿ ನಾ. ಚಾರ್ಟ್ ಮಾಡಿದಾಕಿ ನಾ. ತಿದ್ದಿದಾಕಿ ನಾ."

"ಹಗ್ಗದ ವಿಚಾರ ನಂದಲ್ರಿ?"

"ವಿಚಾರ ಒಂದ ನಿಮಿಷದ್ದು. ಬರಿಯೂದು ರಾತ್ರಿ ಹಗಲಿಂದು."

"ವಿಚಾರ ಇಲ್ಲದ ಏನ ಬರೀತಿದ್ರಿ?"

ನನ್ನ ದನಿ ಏರಿತ್ತು. ಕೆಳಗೆ ಅಂಗಡಿಯಲ್ಲಿ ಮಷಿನ್ನಿನ ಸದ್ದು ನಿಂತದ್ದು ಕೇಳಿಸಿತು. ತಂಗಿ ತಲೆ ಎತ್ತಿದಳು. "ನನಗ ಕಡಿಮಿ ಹಾಕ್ರಿ. ನಾ ಮಾಡಿದ್ದ ಕಡಿಮಿ ಐತಿ. ನೀವು ಯಾಕ ಜಗಳಾಡ್ತೀರಿ?" ಎಂದಳು. ಅವಳ ದನಿಯಲ್ಲಿ ಬೇಸರ ಇರಲಿಲ್ಲ, ದೀನತೆಯೂ ಇರಲಿಲ್ಲ. ಇದ್ದದ್ದನ್ನು ಹೇಳಿದಂತಿತ್ತು. ಅತ್ತೆ ಖಾರಿ ಬಿಸ್ಕಿಟಿನ ತಟ್ಟೆ ಹಿಡಿದು ಮೇಲೆ ಬಂದು, ವಿಷಯ ಕೇಳಿ ನಕ್ಕರು. "ಅಂಕ ಇನ್ನೂ ಬಂದಿಲ್ಲ, ಹಂಚಾಕತ್ತೀರಿ. ಮೊದಲ ತಿನ್ರಿ."

ತಿಂದೆವು. ಹಾಳೆ ಖಾಲಿಯೇ ಉಳಿಯಿತು.

ಪಾಠದ ದಿನ ನಾನು ಬೇಗನೆ ಅಂಕಲಗಿ ತಲುಪಿದೆ. ತಂಗಿ ನನಗಿಂತ ಮೊದಲೇ ಬಂದು ಶಾಲೆಯ ಗೇಟಿನ ಬಳಿ ನಿಂತಿದ್ದಳು. ಸರ್ ತಮ್ಮ ಮೋಟಾರ್ ಸೈಕಲ್ ಮೇಲೆ ಬಂದರು. ಅಕ್ಕಾರು ಮಾತ್ರ ಇಲ್ಲ. ಅಷ್ಟರಲ್ಲಿ ಅವರ ಫೋನು ಬಂತು. ಹಿಂದೆ ಹಾರ್ನುಗಳ ಗದ್ದಲ.

"ವೈನಿ, ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ ಆಗೈತ್ರಿ ರಸ್ತಾದಾಗ. ಎರಡೂ ಬಾಜೂ ಗಾಡಿ ನಿಂತಾವು. ಬಸ್ ಹಿಂದ ಹೋಗಂಗಿಲ್ಲ, ಮುಂದ ಬರಂಗಿಲ್ಲ. ನಾ ಇಳದು ನಡಕೋತ ಹೊಂಟೇನಿ. ಜರಾ ನಿಂದರಸ್ರಿ ಪಾಠಾನ."

ಕಬ್ಬು ಕಡಿಯುವ ಹಂಗಾಮಿನಲ್ಲಿ ನಮ್ಮ ಕಡೆ ಇದು ಹೊಸದಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಕೈ ಮುಗಿದರು. "ಬಾಯಾರ, ಈ ತಾಸು ಬಿಟ್ರ ಮುಂದ ಪರೀಕ್ಷಾ ಐತಿ ಹುಡುಗೂರಿಗೆ. ಈಗ ಮಾಡಿದ್ರ ಮಾಡ್ರಿ, ಇಲ್ಲಂದ್ರ ಇನ್ನೊಂದ ಸಾಲಿ ನೋಡ್ರಿ." ಸರ್ ಪಡಸಾಲೆಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಾಗಿತ್ತು.

"ಅಕ್ಕಾರ ಭಾಗ ಬಿಟ್ಟ ಬಿಡೂನ್ರಿ?" ಎಂದು ತಂಗಿ ಪಿಸುಗುಟ್ಟಿದಳು.

"ಬ್ಯಾಡ. ಬಿಟ್ಟರ ಪಾಠ ಕುಂಟತೈತಿ. ನಾ ಮಾಡತೀನಿ. ನೀ ಹಗ್ಗ ಹಿಡಿ" ಎಂದೆ. ಹೇಳಿದ ಮೇಲೆ ನೆನಪಾಯಿತು. ಬೋರ್ಡಿನ ಮೇಲೆ, ಅದೂ ಸರ್ ಮುಂದೆ, ಕನ್ನಡ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಹಗ್ಗದ ಆಟವನ್ನು ತಂಗಿ ನಡೆಸಿದಳು. ನಾನಾಗಿದ್ದರೆ ಹಗ್ಗ ಹೇಗೆ ಹಿಡಿಯಬೇಕೆಂದು ಹೇಳಿಬಿಡುತ್ತಿದ್ದೆ. ಅವಳು ಮಕ್ಕಳ ಕೈಗೆ ಹಗ್ಗ ಕೊಟ್ಟು ಸುಮ್ಮನೆ ನಿಂತಳು. ಮಕ್ಕಳು ಎಳೆದಾಡಿದರು, ಬೈದಾಡಿದರು, ಕೊನೆಗೆ ಅವರವರೇ ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸಿದರು. ಹದಿನಾರು ಕಲ್ಲು. ಆಮೇಲೆ ಏಳು ಕಲ್ಲು. "ಟೀಚರ್, ಹಗ್ಗ ಸಣ್ಣ ಆತು!" ಎಂದು ಒಬ್ಬ ಕೂಗಿದ. ಇನ್ನೊಬ್ಬಳು ಹಗ್ಗವನ್ನು ಮತ್ತೆ ಚೌಕ ಮಾಡಿಸಿ ಎಣಿಸಿ, "ಸಣ್ಣ ಆಗಿಲ್ಲೋ, ಮತ್ತ ಹದಿನಾರ ಬಂತು ನೋಡು" ಎಂದಳು. ಮಕ್ಕಳೆಲ್ಲ ಸುಮ್ಮನಾದರು. ಒಂದು ಪಾಠದಲ್ಲಿ ಅಂಥ ಮೌನ ಸಿಕ್ಕರೆ ಸಾಕು.

ನಾನು ಬೋರ್ಡಿಗೆ ಹೋದೆ. ಮೂಡಲಗಿಯ ಕಟ್ಟೆಯ ಮೇಲೆ ಹೇಳಿ ಹೇಳಿ ಬಾಯಿಪಾಠವಾದ ಮಾತುಗಳು ತಾವಾಗಿಯೇ ಬಂದವು. 'ಸುತ್ತ ನಡೆಯುವುದು ಸುತ್ತಳತೆ, ಒಳಗೆ ಹಾಸುವುದು ವಿಸ್ತೀರ್ಣ.' ಇದು ಅಕ್ಕಾರ ಮಾತು, ಅವರ ದನಿಯ ಏರಿಳಿತದ ಸಮೇತ. ಬರೆಯುವಾಗ ಮಾತ್ರ 'ವಿಸ್ತಿರ್ಣ' ಎಂದು ಬರೆದೆ. ಮುಂದೆ ಕೂತ ಹುಡುಗಿ, "ಟೀಚರ್, ದೀರ್ಘ ಬಿಟ್ಟೀರಿ" ಎಂದಳು. ಸರ್ ಕಡೆ ನೋಡಲಿಲ್ಲ. "ಶಾಬಾಸ್, ಬಂದು ನೀನ ಹಾಕು" ಎಂದು ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಅವಳು ಕುಣಿಯುತ್ತ ಬಂದು ದೀರ್ಘ ಎಳೆದು ಹೋದಳು. ಪಾಠ ಮುಂದೆ ಹೋಯಿತು.

ಗಂಟೆ ಬಾರಿಸಿ ಮಕ್ಕಳು ಹೊರಗೆ ಓಡುವಾಗ ಅಕ್ಕಾರು ಗೇಟಿನೊಳಗೆ ಬಂದರು. ಟ್ರ್ಯಾಕ್ಟರ್ ದಾಟಿ ನಡೆದು, ಹಾಲಿನ ಗಾಡಿಯೊಂದನ್ನು ನಿಲ್ಲಿಸಿ ಹತ್ತಿ, ಗೋಕಾಕದಿಂದ ಮತ್ತೊಂದು ವಾಹನ ಹಿಡಿದು ಬಂದಿದ್ದರು. ಸೀರೆಯ ಅಂಚಿಗೆಲ್ಲ ಧೂಳು. ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು. ಖಾಲಿ ಪಡಸಾಲೆ ನೋಡಿ ಅಲ್ಲೇ ನಿಂತುಬಿಟ್ಟರು.

ಸರ್ ಕೆಟ್ಟವರಲ್ಲ. ಅವರಿಗೆ ನೀರು ತರಿಸಿ ಕೊಟ್ಟರು. ಆಮೇಲೆ ಹೇಳಿದರು: "ಪಾಠ ಚಲೋ ಆತು. ಇವರಿಬ್ಬರಿಗೆ ಚಲೋ ಅಂಕ ಹಾಕತೀನಿ. ನಿಮಗ ಮಾತ್ರ ಬೋಧನೆದಾಗ ಏನೂ ಹಾಕಾಕ ಬರಂಗಿಲ್ರಿ ಅಕ್ಕಾರ. ನಿಮ್ಮದು ತಪ್ಪಲ್ಲ, ನನಗೂ ಗೊತ್ತೈತಿ. ಆದ್ರ ಕಲಸದವರಿಗೆ ಅಂಕ ಹಾಕಿದ್ರ ನಾಳೆ ಇಡೀ ತರಗತಿ ನನ್ನ ಮುಂದ ಬಂದು ನಿಂದರತೈತಿ."

ಅಕ್ಕಾರು ತಲೆ ಆಡಿಸಿದರು. ವಾದಿಸಲಿಲ್ಲ. ಅಷ್ಟು ಮಾತಿನ ಹೆಣ್ಣುಮಗಳು ಸುಮ್ಮನಿದ್ದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಸರ್, ಆಕಿ ಇಲ್ಲೇ ಇದ್ಲರಿ" ಎಂದೆ. ಗಡಿಬಿಡಿಯಲ್ಲಿ ಅಕ್ಕಾರು ಎನ್ನುವುದೂ ಮರೆತಿತ್ತು. "ಇವತ್ತ ನಾ ಬೋರ್ಡಿನ ಮುಂದ ನಿಂತು ಹೇಳಿದ್ದು ಪೂರಾ ಅವರ ಮಾತು. ಅವರು ಬಡದು ಬಡದು ಕಲಸಿದ್ದಕ್ಕ ನಂಗ ಬಂತು. ಯಾವ ಮಾತು ಯಾರದು ಅಂತ ಬೇಕಾದ್ರ ಗುರ್ತಾ ಹಾಕಿ ಕೊಡತೀನಿ."

"ಬಾಯಿ ನಿಮ್ಮದು, ಮಾತು ಅವರದು. ನಾ ಅದನ್ನ ಹೆಂಗ ಅಳೀಲಿ, ನೀವ ಹೇಳ್ರಿ."

ಅಳೆಯಲು ಬರುವುದಿಲ್ಲ ಎಂದರೆ ಸೊನ್ನೆ ಹಾಕಬೇಕು ಎಂದಲ್ಲವಲ್ಲ. ಹಾಗೆಂದೇ ಹೇಳಿದೆ. ಸರ್ ಕಿಸೆಯಿಂದ ಮೋಟಾರ್ ಸೈಕಲ್ಲಿನ ಕೀಲಿ ತೆಗೆದರು.

"ಒಂದ ದಾರಿ ಐತಿ. ಇನ್ನೊಂದ ಸಾಲ್ಯಾಗ ಅಕ್ಕಾರು ಒಬ್ಬರ ಪಾಠ ಮಾಡ್ಲಿ."

"ಒಬ್ಬರ ಮಾಡಿದ್ರ ಅದು ಬಳಗದ ಪಾಠ ಹೆಂಗಾಗತೈತ್ರಿ?"

"ಹಂಗಂದ್ರ ಮೂವರೂ ಮಾಡ್ರಿ. ಆದ್ರ ಇವತ್ತಿನ ಪಾಠ ರದ್ದು. ಎರಡನೇದ್ದಕ್ಕ ಏನ ಬರತೈತಿ, ಅದ ಖಾಯಂ. ವಿಚಾರ ಮಾಡಿ ನಾಳೆ ಹೇಳ್ರಿ."

ಬಸ್ ಸ್ಟಾಪಿನಲ್ಲಿ ಅಕ್ಕಾರೇ ಮೊದಲು ಬಾಯಿಬಿಟ್ಟರು. "ನೀವಿಬ್ಬರೂ ಹುಚ್ಚರಾಗಬ್ಯಾಡ್ರಿ. ಬಂದ ಅಂಕ ಇಟ್ಟಕೊಳ್ರಿ. ನಾ ಒಬ್ಬಾಕಿನ ಮಾಡತೀನಿ."

ನನಗೆ ಅಂಕಗಳು ಅಂಥ ದೊಡ್ಡ ವಿಷಯವಲ್ಲ, ಪಾಸಾದರೆ ನನ್ನ ಕೆಲಸ ಆದಂತೆ. ತಂಗಿಯ ಸ್ಥಿತಿ ಬೇರೆ. ಹುಕ್ಕೇರಿಯ ಖಾಸಗಿ ಶಾಲೆಯೊಂದು ಅವಳಿಗೆ ಮಾತು ಕೊಟ್ಟಿತ್ತು. ಪ್ರಥಮ ದರ್ಜೆ ಬಂದರೆ ಜೂನ್‌ನಿಂದ ಕೆಲಸ. ತಾಯಿ ಆ ಮಾತಿನ ಮೇಲೆಯೇ ದಿನ ಎಣಿಸುತ್ತಿದ್ದರು. ಅದಕ್ಕೇ ನಾನು ಅವಳನ್ನು ಏನೂ ಕೇಳಲಿಲ್ಲ. ರಸ್ತೆ ನೋಡುತ್ತ ನಿಂತೆ. ಅವಳು ಚೀಲದಿಂದ ಹಗ್ಗ ತೆಗೆದು, ಮಕ್ಕಳ ಎಳೆದಾಟದಲ್ಲಿ ಸಡಿಲಾಗಿದ್ದ ಗಂಟನ್ನು ಬಿಗಿ ಮಾಡುತ್ತಿದ್ದಳು.

"ಅಕ್ಕಾರ, ಇವತ್ತ ನಾ ಹಗ್ಗದ ಆಟ ಮಾಡಿಸಿದೆ, ವೈನಿ ಬೋರ್ಡ್ ಬರದ್ರು" ಎಂದಳು. "ನೀವು ಕಲಸದಿದ್ರ ನಮಗಿಬ್ಬರಿಗೂ ಅದು ಬರತಿದ್ದಿಲ್ಲ, ನೀವಿದ್ದಿದ್ರ ಬರತೈತಿ ಅಂತ ಗೊತ್ತೂ ಆಗತಿದ್ದಿಲ್ಲ. ಮೂವರೂ ಕೂಡಿ ಮಾಡಿದ್ರ ಇನ್ನೂ ಚಲೋ ಆಗತೈತಿ. ನಾ ಮಾಡತೀನಿ."

"ಮತ್ತ ನಿನ್ನ ಕೆಲಸ?" ಎಂದರು ಅಕ್ಕಾರು.

"ಚಲೋ ಮಾಡೂನು. ಅಂಕ ಬರತಾವು. ಬರಲಿಲ್ಲಂದ್ರ ಹುಕ್ಕೇರಿ ಒಳಗ ಇರೂದು ಅದೊಂದ ಸಾಲಿ ಏನ್ರಿ?"

ಅಷ್ಟರಲ್ಲಿ ಗೋಕಾಕದ ಗಾಡಿ ಬಂತು, ಅಲ್ಲಿಂದ ಹುಕ್ಕೇರಿಯ ಬಸ್ಸು ಹಿಡಿಯಬೇಕು ಎಂದು ಅವಳೇ ಮೊದಲು ಹತ್ತಿದಳು. ಮಾತು ಅಲ್ಲಿಗೆ ಮುಗಿಯಿತು. ಮರುದಿನ ಸರ್ ಕೋಣೆಗೆ ಮೂವರೂ ಹೋಗಿ, ಎರಡನೆಯ ಪಾಠಕ್ಕೆ ಒಪ್ಪಿದೆವು.

ಮೂಡಲಗಿಯ ಹತ್ತಿರ ಮಸಗುಪ್ಪಿಯ ಶಾಲೆಯೊಂದರಲ್ಲಿ ಅಕ್ಕಾರ ಪರಿಚಯವಿತ್ತು. ಅಲ್ಲಿ ಫರ್ಸಿ ಇರಲಿಲ್ಲ, ಸಿಮೆಂಟಿನ ನೆಲ. ಹಿಂದಿನ ದಿನವೇ ಹೋಗಿ ಮೂವರೂ ಮಂಡಿಯೂರಿ ಸೀಮೆಸುಣ್ಣದಿಂದ ಚೌಕ ಎಳೆದೆವು. ಈ ಸಲ ಯಾವುದೂ ತಪ್ಪಬಾರದು ಎಂದು ಅಕ್ಕಾರು ಹಿಂದಿನ ರಾತ್ರಿ ತಮ್ಮ ಮನೆಯಲ್ಲೇ ನಮ್ಮನ್ನು ಉಳಿಸಿಕೊಂಡರು.

ಇಷ್ಟೆಲ್ಲ ಮಾಡಿ, ಪಾಠ ಕೆಟ್ಟಿತು.

ಹೇಗೆ ಕೆಟ್ಟಿತೆಂದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಕ್ಕಾರಿಗೆ ಮೊದಲ ಪಾಠ ತಪ್ಪಿದ ಸಂಕಟ ಒಳಗೇ ಇತ್ತು. ತಾವು ಕೆಲಸ ಮಾಡಿದವರೆಂದು ತೋರಿಸಬೇಕಿತ್ತು. ನಾನು ಹಗ್ಗ ಕೊಡುತ್ತಿದ್ದ ಹಾಗೆಯೇ ಅವರು ಮುಂದೆ ಬಂದು, "ಇದನ್ನ ಹಿಂಗ ಹಿಡೀರಿ, ನೀ ಅಲ್ಲಿ ನಿಂದರು, ನೀ ಇಲ್ಲಿ ನಿಂದರು" ಎಂದು ಮೂಲೆಮೂಲೆಗೆ ಮಕ್ಕಳನ್ನು ನಿಲ್ಲಿಸಿದರು. ಮಕ್ಕಳು ಎಣಿಸುವ ಮೊದಲೇ "ಹದಿನಾರ ಬಂತಿಲ್ಲೋ?" ಎಂದರು. ಮಕ್ಕಳು "ಬಂತ್ರಿ" ಎಂದರು. "ಈಗ ಏಳು ಬರತಾವು ನೋಡ್ರಿ" ಎಂದರು. ಬಂದವು. ಯಾರಿಗೂ ಬೆರಗಾಗಲಿಲ್ಲ. ನಾನು ಮೊದಲ ಪಾಠದ ನೆನಪಿನಲ್ಲಿ ಬೋರ್ಡಿನ ಕಡೆ ಹೋಗಿ, ಅದು ನನ್ನ ಭಾಗವಲ್ಲ ಎಂದು ನೆನಪಾಗಿ ಹಿಂದೆ ಸರಿದೆ. ಅಕ್ಕಾರೂ ನಾನೂ ಡಿಕ್ಕಿ ಹೊಡೆದುಕೊಂಡೆವು. ಹಿಂದೆ ಕೂತ ಮಕ್ಕಳು ನಕ್ಕರು. ಕೊನೆಗೆ ತಂಗಿ ಪ್ರಶ್ನೆ ಕೇಳಲು ನಿಂತಾಗ ಸಮಯ ಉಳಿದೇ ಇರಲಿಲ್ಲ. ಅವಳು ಕೇಳಿದ ಒಂದೇ ಪ್ರಶ್ನೆಗೆ ಮಕ್ಕಳು ಕೂಡಿಯೇ ತಪ್ಪು ಉತ್ತರ ಕೊಟ್ಟರು.

ಮಕ್ಕಳು ಹೋದ ಮೇಲೆ ಸರ್ ನಮ್ಮನ್ನು ಅದೇ ಕೋಣೆಯಲ್ಲಿ ಮಕ್ಕಳ ಬೆಂಚುಗಳ ಮೇಲೆ ಕೂರಿಸಿದರು. ನನ್ನ ಮಂಡಿ ಬೆಂಚಿಗೆ ತಾಗುತ್ತಿತ್ತು. ತಂಗಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಅಂಕಗಳನ್ನು ನಾವೇ ಕೈಯಾರೆ ಕಳೆದೆವು ಎನಿಸುತ್ತಿತ್ತು.

"ಏನಾತು?" ಎಂದರು ಸರ್, ಅಷ್ಟೇ.

ಅಕ್ಕಾರು ಎದ್ದು ನಿಂತರು. "ನಾ ಕೆಡಸಿದೆ ಸರ್. ಹುಡುಗೂರು ಮಾಡೂದನ್ನ ನಾ ಮಾಡಿದೆ. ಮೊದಲನೇ ಪಾಠಕ್ಕ ಬರಾಕ ಆಗಲಿಲ್ಲಲಾ, ಆ ಸಿಟ್ಟ ಇಲ್ಲಿ ತಂದೆ."

"ಒಬ್ಬರ ತಪ್ಪಲ್ರಿ ಸರ್" ಎಂದಳು ತಂಗಿ, ಕೂತಲ್ಲಿಂದಲೇ. "ಅಂಕಲಗಿ ಒಳಗ ಹುಡುಗೂರಿಗೆ ಹಗ್ಗ ಕೊಟ್ಟು ಸುಮ್ನ ನಿಂತಿದ್ದೆ, ಅದಕ್ಕ ಪಾಠ ಹತ್ತಿತ್ತು. ಅದನ್ನ ನಾ ಅಕ್ಕಾರಿಗೆ ಹೇಳಬೇಕಿತ್ತು. ನಿನ್ನೆ ಇಡೀ ದಿನ ಕೂಡೇ ಇದ್ವಿ. ಹಿರೇರು, ಏನ ಅಂತಾರೋ ಅಂತ ಹೇಳಲಿಲ್ಲ. ಸುಮ್ನ ಇರೂದು ಎಲ್ಲಾ ಕಡೆ ಚಲೋ ಅಲ್ರಿ."

ಸರ್ ನನ್ನ ಕಡೆ ನೋಡಿದರು. "ಅಕ್ಕಾರು ಮುಂದ ಬಂದಾಗ ನಾ ತಡೀಬೇಕಿತ್ತರಿ" ಎಂದೆ. "ಆದ್ರ ಅವರಿಗೆ ಇವತ್ತಾದ್ರೂ ಅಂಕ ಬರಲಿ ಅಂತ ಬಿಟ್ಟೆ. ಹುಡುಗೂರನ್ನ ಮರತು ಅಂಕ ನೋಡಿದೆ."

ಹೀಗೆ ಶುರುವಾದ ಮಾತು ಬಹಳ ಹೊತ್ತು ನಡೆಯಿತು. ಎಲ್ಲಿ ಯಾರು ಏನು ಬಿಡಬೇಕಿತ್ತು, ಎಲ್ಲಿ ಯಾರು ಯಾರ ಕೈ ಹಿಡಿಯಬೇಕಿತ್ತು ಎಂದು ಪಾಠವನ್ನು ಮೊದಲಿನಿಂದ ಬಿಚ್ಚಿದೆವು. ನಡುವೆ ಅಕ್ಕಾರಿಗೂ ನನಗೂ ಒಂದೆರಡು ಸಲ ಜೋರು ಮಾತಾಯಿತು. ಸರ್ ಎದುರಿಗೆ ಇದ್ದಾರೆ ಎಂಬುದೇ ಮರೆತಿತ್ತು. ಅವರು ಏನೋ ಬರೆದುಕೊಳ್ಳುತ್ತಿದ್ದರು. ಕೊನೆಗೆ ಪೆನ್ನು ಮುಚ್ಚಿದರು.

"ಪಾಠಕ್ಕ ಅಂಕಲಗಿದಕಿಂತ ಕಡಿಮಿ ಬರತಾವು. ಅದರಾಗ ನಾ ಏನೂ ಮಾಡಾಕ ಬರಂಗಿಲ್ಲ" ಎಂದರು. "ಆದ್ರ ನೀವು ಕೂಡಿ ಕೆಲಸ ಮಾಡೂದನ್ನ ನಾ ಇವತ್ತ ನೋಡಿದೆ. ಅಂಕಲಗಿ ಒಳಗ ಎಲ್ಲಾ ಬರೋಬ್ಬರಿ ಆಗಿತ್ತು, ಏನೂ ಕಾಣಿಸಿದ್ದಿಲ್ಲ. ಆ ಹಂಚಿಕಿ ಹಾಳಿ ತುಂಬ್ರಿ ಈಗ."

ನಮ್ಮ ಮನೆಯ ಮೇಲ್ಮಹಡಿಯಲ್ಲಿ ಇಡೀ ಮಧ್ಯಾಹ್ನ ಜಗಳಾಡಿಯೂ ತುಂಬಲಾಗದ ಆ ಹಾಳೆಯನ್ನು ಅಲ್ಲಿ ಒಂದು ಚಹ ಕುಡಿಯುವಷ್ಟರಲ್ಲಿ ತುಂಬಿದೆವು. ಸಮವಾಗಿ ಅಲ್ಲ. ಒಬ್ಬೊಬ್ಬರಿಗೂ ಯಾಕೆ ಹೆಚ್ಚು, ಯಾಕೆ ಕಡಿಮೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ ಬರೆದೆವು. ಯಾರಿಗೆ ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ, ಅದು ನಮ್ಮ ಮೂವರ ಮಾತು. ಎಲ್ಲರಿಗಿಂತ ಹೆಚ್ಚು ನನಗೆ ಬರಲಿಲ್ಲ ಎಂಬುದನ್ನು ಮಾತ್ರ ಹೇಳಬಹುದು. ಅದನ್ನು ಬರೆದವಳೂ ನಾನೇ, ದೀರ್ಘ ಒತ್ತುಗಳ ಸಮೇತ. ಅಕ್ಕಾರು ಹಾಳೆಯ ಮೇಲೆ ಕಣ್ಣಾಡಿಸಿದರು, ಕೆಂಪು ಪೆನ್ನು ತೆಗೆಯಲಿಲ್ಲ.

ಫಲಿತಾಂಶ ಬಂದಾಗ ತಂಗಿಗೆ ಪ್ರಥಮ ದರ್ಜೆ ಬಂದಿತ್ತು, ಕೂದಲೆಳೆಯಷ್ಟರಲ್ಲಿ. ಹುಕ್ಕೇರಿಯ ಆ ಶಾಲೆ ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿತ್ತು. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನಮಗೆ ಫೋನು ಮಾಡಿದಾಗ "ಇನ್ನೆರಡು ಸಾಲಿಗೆ ಅರ್ಜಿ ಹಾಕೇನಿ" ಎಂದಷ್ಟೇ ಹೇಳಿದಳು. ಅವುಗಳಲ್ಲಿ ಒಂದರಲ್ಲಿ ಕೆಲಸ ಸಿಕ್ಕಿತು. ಭಾನುವಾರ ಕೂಡುವುದನ್ನು ನಾವು ನಿಲ್ಲಿಸಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಮೂವರೂ ಕೂಡಿಯೇ ಓದಿದೆವು. ಮೊದಲ ಸಲಕ್ಕೆ ತಂಗಿ ಮತ್ತು ನಾನು ಪಾಸಾದೆವು, ಅಕ್ಕಾರು ಆಗಲಿಲ್ಲ. ಒಂದು ಭಾನುವಾರ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಪುಸ್ತಕ ಹಿಡಿದು ಅವರ ತೋಟದ ಮನೆಗೇ ಹೋಗಿ ಕಟ್ಟೆಯ ಮೇಲೆ ಕೂತೆವು. "ನೀವು ಪಾಸ್ ಆಗೀರಿ, ಮತ್ತ ಯಾಕ ಬಂದೀರಿ?" ಎಂದರು. "ಬಳಗ ಪಾಸ್ ಆಗಿಲ್ರಿ" ಎಂದಳು ತಂಗಿ. ಅಕ್ಕಾರು ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಪುಸ್ತಕ ಹಿಡಿದು ಹೊರಗೆ ಬಂದರು. ಎರಡನೆಯ ಸಲ ಅವರೂ ಪಾಸಾದರು.

ಈಗ ನಾನು ಗೋಕಾಕದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳನ್ನು ಗುಂಪು ಮಾಡಿ ಕೆಲಸ ಕೊಡಬೇಕು, ಗುಂಪಿಗೂ ಅಂಕ ಹಾಕಬೇಕು. ಗುಂಪಿನ ಚಾರ್ಟು ಚೆಂದ ಇದ್ದರೆ ಅದನ್ನು ಒಬ್ಬಳೇ ಮಾಡಿದ್ದಾಳೋ ನಾಲ್ವರು ಮಾಡಿದ್ದಾರೋ ಚಾರ್ಟು ಹೇಳುವುದಿಲ್ಲ. ಅದಕ್ಕೆ ನಾನು ಮೊದಲು ಸುಲಭದ ಕೆಲಸ ಕೊಡುವುದಿಲ್ಲ. ಸ್ವಲ್ಪ ಕೆಡುವಂಥದ್ದನ್ನೇ ಕೊಡುತ್ತೇನೆ. ಕೆಟ್ಟ ಮೇಲೆ ಅವರ ನಡುವೆ ಕೂತು "ಏನಾತು?" ಎಂದು ಕೇಳುತ್ತೇನೆ. ಒಬ್ಬರ ಕಡೆ ಬೆರಳು ಮಾಡುವ ಗುಂಪಿಗೆ ಇನ್ನೂ ಕೆಲಸವಿದೆ ಎಂದು ಬರೆದುಕೊಳ್ಳುತ್ತೇನೆ. ಇದು ಸರಿಯಾದ ಅಳತೆಯೋ ಅಲ್ಲವೋ ನನಗೆ ಪೂರ್ತಿ ಖಾತ್ರಿಯಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ, ಬಿಡುವುದಿಲ್ಲ.

ಹೋದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಿಕ್ಷಕರ ಕೋಣೆಗೆ ಬಂದು ನಿಂತಳು. ತರಗತಿಗೇ ಮೊದಲಿಗಳು. ಕಣ್ಣಲ್ಲಿ ನೀರು ತುಂಬಿತ್ತು.

"ಮೇಡಂ, ನನ್ನ ಬ್ಯಾರೆ ಗುಂಪಿನ್ಯಾಗ ಹಾಕ್ರಿ. ಇವರು ನನ್ನ ಮಾತ ಕೇಳಂಗಿಲ್ಲ."

"ನೀ ಅವರ ಮಾತು ಕೇಳತೀಯೇನು?"

ಅವಳು ಕೋಣೆಯ ಬಾಗಿಲ ಕಡೆ ನೋಡಿದಳು. ಆದರೆ ಓಡಿಹೋಗಲಿಲ್ಲ.

"ಗುಂಪು ಬದಲ ಮಾಡಂಗಿಲ್ಲ. ಕಣ್ಣ ಒರಸ್ಕೊ, ಹೋಗಿ ಅವರನ್ನ ಕರಕೊಂಡ ಬಾ. ಜಗಳ ನನ್ನ ಮುಂದ ಮಾಡ್ರಿ" ಎಂದು ಗುಂಪಿನ ನಾಲ್ವರಿಗೂ ಕೂರಲು ಕುರ್ಚಿ ಎಳೆದೆ.